ಕೋಣೆಗೆ ಹಾಕೋಣ್ವಾ?

"ಕಟ್ಟಬೇಡಿ, ಕೂಡಿಹಾಕಬೇಡಿ ಅಂತ ಹೇಳೋದು ಸುಲಭ ಸಿಸ್ಟರ್. ಒದೆ ತಿನ್ನೋರು ನಾವು!"

ಲಾಂಗೋಯಾ ಹೇಳಿದ್ದೇ ತಡ, ಉಳಿದ ವಾರ್ಡ್ ಸಹಾಯಕರೂ ಹೌದು ಹೌದೆಂದು ಕೂಗಿದರು. ಗುಲು ಪಟ್ಟಣದ ಹತ್ತಿರದ ಆ ಚಿಕ್ಕ ಮಾನಸಿಕ ಆಸ್ಪತ್ರೆಗೆ ಮೇಲ್ವಿಚಾರಕಿಯಾಗಿ ಬಂದ ಅಬೇರ್, ರೇಗುವ ರೋಗಿಗಳನ್ನು ಒಂಟಿ ಕೋಣೆಗೆ ತಳ್ಳುವ ಪದ್ಧತಿ ಇವತ್ತಿಗೆ ನಿಲ್ಲಲಿ ಎಂದಿದ್ದಳು. ಹಿಂದಿನ ಮೇಲ್ವಿಚಾರಕರು ಇದನ್ನೇ ಹೇಳಿ, ಸೋತು, ವರ್ಗ ಮಾಡಿಸಿಕೊಂಡು ಹೋಗಿದ್ದರು.

ಅಬೇರ್ ದನಿ ಏರಿಸಲಿಲ್ಲ. "ನಿಮಗೆ ಎಲ್ಲಿ ಏಟು ಬಿದ್ದಿತ್ತು ಲಾಂಗೋಯಾ?"

ಅವನು ತಬ್ಬಿಬ್ಬಾದ. ಎಡಗಿವಿ ಮುಟ್ಟಿಕೊಂಡ. "ಈ ಕಿವಿ ಕೇಳಿಸಲ್ಲ. ಒಬ್ಬ ಕುರ್ಚೀಲಿ ಹೊಡ್ದ. ಅವತ್ತು ವಾರ್ಡಲ್ಲಿ ನಾನೊಬ್ನೇ. ಆಮೇಲೆ ಹೇಗಿದ್ದೀಯಾ ಅಂತ ಒಬ್ರೂ ಕೇಳ್ಲಿಲ್ಲ."

"ನಾನೀಗ ಕೇಳ್ತಿದೀನಿ. ಏನಾಗ್ಬೇಕು ಹೇಳಿ."

"ಒಬ್ಬೊಬ್ರನ್ನೇ ಡ್ಯೂಟಿಗೆ ಹಾಕ್ಬಾರ್ದು."

"ಆಯ್ತು, ಇವತ್ತಿಂದ ಇಬ್ಬಿಬ್ರು. ಯಾರಾದ್ರೂ ರೇಗಿದ್ರೆ ಮೊದಲು ನಾನು ಹೋಗ್ತೀನಿ. ನನ್ನಿಂದ ಆಗಲ್ಲ ಅಂತ ನಿಮಗನ್ನಿಸಿದ್ರೆ, ಕೋಣೆಗೆ ಹಾಕಿ ಅಂತ ನೀವೇ ಹೇಳಿ. ನಾನು ಅಡ್ಡ ಬರಲ್ಲ."

ಮಧ್ಯಾಹ್ನವೇ ಪರೀಕ್ಷೆ ಬಂತು. ಊಟದ ಹೊತ್ತಿಗೆ ಓಕ್ವೇರಾ ಎಂಬ ಭಾರೀ ಮೈಯ ರೋಗಿ, ಊರಲ್ಲಿ ಇಟ್ಟಿಗೆ ಸುಡುತ್ತಿದ್ದವನು, "ನನ್ನ ಮನೇಗೆ ಬೆಂಕಿ ಹಾಕ್ತಿದಾರೆ!" ಎಂದು ಅಬ್ಬರಿಸುತ್ತ ಬೆಂಚನ್ನೇ ತಲೆಯ ಮೇಲೆತ್ತಿದ. ಅಬೇರ್ ಸ್ವಲ್ಪ ದೂರದಲ್ಲಿ ಬರಿಗೈ ಕಾಣುವಂತೆ ನೆಲದ ಮೇಲೆ ಕೂತಳು. "ಮನೇಲಿ ಯಾರಿದಾರೆ ಓಕ್ವೇರಾ?" ಅವನು ಬೆಂಚು ಇಳಿಸಲಿಲ್ಲ. ಸಹಾಯಕರು ಹಗ್ಗ ಹಿಡಿದು ಬಂದರು.

ಅವಳು ತಿರುಗಿ ನೋಡದೆಯೇ ಕೇಳಿದಳು: "ಲಾಂಗೋಯಾ, ಹೇಳಿ. ಕೋಣೆಗೆ ಹಾಕೋಣ್ವಾ?"

ಎಲ್ಲರೂ ಅವನ ಮುಖ ನೋಡಿದರು. ಅವನು "ತಡೀರಿ," ಎಂದ. ಹಗ್ಗದವರನ್ನು ಹಿಂದೆ ಸರಿಸಿ, ಬಂದು ಅಬೇರಳ ಪಕ್ಕದಲ್ಲಿ ಕೂತ. "ಓಕ್ವೇರಾ, ನಾನು ಕಣೋ. ಬೆಂಕಿ ಎಲ್ಲಿ ಹತ್ತಿದೆ ಹೇಳು, ಕೇಳ್ತೀನಿ."

ಓಕ್ವೇರಾ ಹೇಳುತ್ತ ಹೋದ. ಹೇಳುತ್ತ ಅತ್ತ. ಅಳುತ್ತಲೇ ಬೆಂಚನ್ನು ಕೆಳಗಿಟ್ಟು ಅದರ ಮೇಲೆ ಕೂತ. ಹಗ್ಗ ಹಿಡಿದಿದ್ದವನೇ ಹೋಗಿ ಒಂದು ತಟ್ಟೆ ಮೆಕ್ಕೆಜೋಳದ ಮುದ್ದೆ, ಬೀನ್ಸ್ ತಂದುಕೊಟ್ಟ. ಇನ್ನೊಬ್ಬ ಲಾಂಗೋಯಾನ ಬೆನ್ನು ಗುದ್ದಿ, "ಗೆದ್ದೆ ಕಣಯ್ಯಾ!" ಎಂದ. ಅಬೇರ್‌ಗೆ ನಗು ತಡೆಯಲಾಗಲಿಲ್ಲ.

ಓಕ್ವೇರಾ ಮುದ್ದೆ ಮುರಿದು ಅರ್ಧವನ್ನು ಲಾಂಗೋಯಾನ ಕೈಗಿಟ್ಟ.

"ನಿನ್ ಕೈ ಹೆಂಗೆ ನಡುಗ್ತಿದೆ ನೋಡು ಅಣ್ಣಾ. ಮೊದ್ಲು ನೀನು ತಿನ್ನು."