ಮಡಚಿದ ಕಾಲು

ವಲಸೆ ಹಕ್ಕಿ ಒಂಟಿಕಾಲಿನಲ್ಲಿ ನಿಂತೇ ನಿದ್ದೆ ಹೊಡೆಯುತ್ತಿತ್ತು. ಹೋದ ವಸಂತದಲ್ಲಿ ಪಕ್ಷಿ ಸಂಶೋಧಕಿಯಾದ ಅವಳೇ ಗುರುತಿಗೆಂದು ತೊಡಿಸಿದ ಹಳದಿ ಉಂಗುರವಿದ್ದರೆ ಅದು ಮಡಚಿಟ್ಟ ಇನ್ನೊಂದು ಕಾಲಿನಲ್ಲೇ ಇರಬೇಕು. ಅದೇ ಹಕ್ಕಿ ಮರಳಿ ಬಂದಿದೆಯೆಂದು ಇವತ್ತು ಅಧಿಕಾರಿಗಳಿಗೆ ಫೋಟೋ ತೋರಿಸಿದರೆ ಮಾತ್ರ ಸಮುದ್ರದಂಚಿನ ಈ ಜೌಗು ಉಳಿಯುತ್ತದೆ. ಇಲ್ಲದಿದ್ದರೆ ಹಿಂದೆ ಗುಡುಗುಡು ಎನ್ನುತ್ತಿರುವ ಲಾರಿ ಮಣ್ಣು ಸುರಿಯುತ್ತದೆ.

“ಹಾರನ್ ಹೊಡೀಲಾ? ತಾನೇ ಕಾಲಿಳಿಸತ್ತೆ,” ಎಂದ ಡ್ರೈವರ್.

“ದಮ್ಮಯ್ಯ ಅಣ್ಣಾ, ಹಾರಿಹೋಗತ್ತೆ!”

“ನಿಮ್ಮ ಹಕ್ಕಿ ಏಳೋವರೆಗೂ ನಾನ್ಯಾಕೆ ಡೀಸೆಲ್ ಸುಡ್ಲಿ?” ಎಂದು ಗೊಣಗಿ ಅವನು ಇಂಜಿನ್ ಆಫ್ ಮಾಡಿದ.

ಬೆಳಗಿನಿಂದ ಆ ಸದ್ದಿಗೆ ಒಗ್ಗಿಹೋಗಿದ್ದ ಹಕ್ಕಿ ಮೌನಕ್ಕೆ ಬೆಚ್ಚಿ ಕಣ್ಣು ಬಿಟ್ಟಿತು. ಮೆಲ್ಲಗೆ ಕಾಲು ಕೆಳಗಿಟ್ಟಿತು. ಹಳದಿ ಉಂಗುರ ಬಿಸಿಲಿಗೆ ಮಿನುಗಿತು. ಅವಳು ಕ್ಯಾಮೆರಾ ಎತ್ತುವುದನ್ನೂ ಮರೆತು ಅದನ್ನೇ ನೋಡುತ್ತಾ ಕೂತಳು.

“ಈಗ ನೋಡ್ತಾ ಕೂರ್ಬೇಡಿ, ಹೊಡೀರಿ ಫೋಟೋ!” ಎಂದು ಡ್ರೈವರ್ ಪಿಸುಗುಟ್ಟಿದ.