ಇನ್ನೂ ಇಳಿಯುತ್ತೆ, ಮಾವ

ಫೋನಿನ ಮೇಲೆ 'ಮಾವ' ಎಂದು ಮೂಡಿದ ಕೂಡಲೇ ಗಿರೀಶ ಯೂರಿಯಾ ಮೂಟೆಗಳ ಹಿಂದಕ್ಕೆ ಸರಿದ. ಕೆ.ಆರ್. ಪೇಟೆಯ ಅವನ ಗೊಬ್ಬರದ ಅಂಗಡಿಯಲ್ಲಿ ಗಿರಾಕಿಗಳ ಕಿವಿಗೆ ಬೀಳದಂತೆ ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

"ಅಳಿಯಂದ್ರೇ, ಟಿವಿ ನೋಡಿದ್ರಾ? ಕಾರಿನ ರೇಟು ಒಂದೂವರೆ ಲಕ್ಷ ಇಳಿಸ್ಬುಟ್ಟವ್ರೆ!" ಪಾಂಡವಪುರದಿಂದ ಅಂದಾನಯ್ಯನವರ ದನಿ ಉಕ್ಕಿ ಬಂತು.

"ನೋಡ್ದೆ ಮಾವ."

ನೋಡಿದ್ದ. ಬೆಳಿಗ್ಗೆ ಷೇರು ಮಾರುಕಟ್ಟೆ ತೆರೆದಾಗಿನಿಂದ ಬೇರೇನನ್ನೂ ನೋಡಿರಲಿಲ್ಲ.

ಸಂಗತಿ ಇಷ್ಟೇ. ಗಿರೀಶನ ಹೆಂಡತಿ ಪೂಜ ನಾಗಮಂಗಲದ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಮಗಳು ದಿನಾ ಬಸ್ಸಿನಲ್ಲಿ ನಿಂತುಕೊಂಡು ಓಡಾಡುವುದನ್ನು ನೋಡಲಾರದೆ ಅಂದಾನಯ್ಯ ಯುಗಾದಿಗೆ ವಾರ ಮುಂಚೆ ಅಳಿಯನ ಖಾತೆಗೆ ಹತ್ತು ಲಕ್ಷ ಹಾಕಿಸಿ, ಎಲೆಕ್ಟ್ರಿಕ್ ಕಾರು ಕೊಳ್ಳಿ ಎಂದಿದ್ದರು. ಗಿರೀಶ ತನ್ನನ್ನು ತಾನು ಬುದ್ಧಿವಂತ ಎಂದುಕೊಂಡಿದ್ದವನು. ಕಾರು ಕೊಂಡರೆ ಕಾರು ಮಾತ್ರ ಸಿಗುತ್ತದೆ; ಕಾರು ಮಾಡುವ ಕಂಪನಿಯ ಷೇರು ಕೊಂಡರೆ ಆರು ತಿಂಗಳಲ್ಲಿ ಕಾರೂ ಬಂತು, ಮೇಲೆ ಒಂದಿಷ್ಟು ಉಳಿಯಿತು. ಯಾರಿಗೂ ಹೇಳದೆ ಅಷ್ಟನ್ನೂ ಷೇರಿಗೆ ಸುರಿದ.

ಹಾಗೆಂದು ಬಾಯಿ ಸುಮ್ಮನಿರಬೇಕಲ್ಲ. ಹಬ್ಬದ ಮರುದಿನ ಹೊಸತೊಡಕಿನ ಬಾಡೂಟಕ್ಕೆ ಕೂತಾಗ ಆ ಕಂಪನಿಯನ್ನು ಹೊಗಳಿ ಹೊಗಳಿ ಮಾವನ ತಲೆ ತಿಂದಿದ್ದ. "ಒಂದು ಷೇರಿದ್ರೂ ಸಾಕು ಮಾವ, ನೀವೂ ಕಂಪ್ನಿ ಮಾಲೀಕ್ರೇ!" ಸಕ್ಕರೆ ಕಾರ್ಖಾನೆಯ ಹಳೇ ಷೇರುದಾರರಾದ ಅಂದಾನಯ್ಯ, "ಷೇರು ಅಂದ್ರೇನು ಅಂತ ನಂಗೊತ್ತು ಬುಡಿ" ಎಂದು ಮೂಳೆ ಚೀಪಿದ್ದರು.

ಆಮೇಲೆ ಶುರುವಾಯಿತು ಗ್ರಹಚಾರ. ಎದುರಾಳಿ ಕಂಪನಿ ಬೆಲೆ ಇಳಿಸಿತೆಂದು ಇವರೂ ಇಳಿಸಿದರು. ಇವರು ಇಳಿಸಿದ್ದಕ್ಕೆ ಅವರು ಮತ್ತೆ ಇಳಿಸಿದರು. ಒಂದೊಂದು ಕಾರಿನಲ್ಲಿ ಉಳಿಯುತ್ತಿದ್ದ ಲಾಭವೇ ಕರಗಿಹೋದರೆ ಎಷ್ಟು ಮಾರಿ ಏನು ಬಂತು ಎಂದು ಮಾರುಕಟ್ಟೆ ಷೇರನ್ನು ಕೆಳಕ್ಕೆ ದಬ್ಬಿತು. ಕೊಳ್ಳಬೇಕಾದವರಾದರೂ ಕೊಂಡರೇ? ಇನ್ನೂ ಇಳಿಯಲಿ ಎಂದು ಕೈಕಟ್ಟಿ ಕೂತರು. ಕೂತವರಲ್ಲಿ ಗಿರೀಶನೇ ಮೊದಲಿಗ. ಕೊಳ್ಳಲು ಅವನ ಹತ್ತಿರ ಉಳಿದದ್ದಾದರೂ ಏನು?

"ಇನ್ನೂ ಇಳಿಯುತ್ತೆ ಮಾವ, ಕಾಯೋಣ" ಎಂದ ಮೂಟೆಗಳ ಹಿಂದಿನಿಂದ.

"ಕಾಯೋಣ ಬುಡಿ. ನಮ್ ಕಂಪ್ನಿ, ನಮ್ಗಿಳಿಸ್ದೆ ಇನ್ಯಾರ್ಗಿಳಿಸ್ತಾರೆ?" ಮಾವ ನಕ್ಕರು.

ಗಿರೀಶ ನಗಲಿಲ್ಲ. ನಮ್ ಕಂಪ್ನಿ? ಮುದುಕನಿಗೆ ಸುಳಿವು ಸಿಕ್ಕಿತೇ?

ರಾತ್ರಿ ಊಟಕ್ಕೆ ಕೂತಾಗ ಪೂಜ ಇನ್ನೊಂದು ಸುದ್ದಿ ತೆಗೆದಳು. "ರೀ, ಅಪ್ಪ ಎಮ್ಮೆಗಳ್ನೆಲ್ಲಾ ಮಾರ್ಬುಟ್ರಂತೆ. ಕೊಟ್ಟಿಗೆ ಖಾಲಿ ಮಾಡ್ಸಿ, ಕಾರಿಗೆ ಚಾರ್ಜ್ ಹಾಕೋಕೆ ಪ್ಲಗ್ ಬೇರೆ ಇಡ್ಸವ್ರೆ. ಅವ್ವ ಒಂದೇ ಸಮ ಅಳ್ತಾ ಅವ್ಳೆ."

ಗಿರೀಶ ಮುರಿದ ಮುದ್ದೆಯನ್ನು ಮತ್ತೆ ತಟ್ಟೆಗೇ ಇಟ್ಟ. ಹಬ್ಬಕ್ಕೆ ಬರುವ ಮಗಳ ಕಾರಿಗಾಗಿ ಆ ಮನುಷ್ಯ ಎಮ್ಮೆ ಮಾರಿದ್ದರು. ಇಲ್ಲದ ಕಾರಿಗಾಗಿ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

"ಪಕ್ಕದ್ಮನೆ ಸಂತೋಷ್ ಜೊತೆ ದಿನಾ ಫೋನ್ ಹಿಡ್ಕೊಂಡು ಕೂತಿರ್ತಾರಂತೆ" ಎಂದಳು ಪೂಜ. "ಏನ್ ನೋಡ್ತಾರೋ ದೇವರೇ ಬಲ್ಲ."

ಕಾರಿನ ವಿಡಿಯೋ, ಇನ್ನೇನು, ಎಂದುಕೊಂಡು ಗಿರೀಶ ನೀರು ಕುಡಿದ.

ಶ್ರಾವಣದಲ್ಲಿ ಕಂಪನಿ ಮತ್ತೆ ಬೆಲೆ ಇಳಿಸಿತು. ಗಿರೀಶನ ಹತ್ತು ಲಕ್ಷ ಆರಕ್ಕೆ ಬಂದು ನಿಂತಿತು. ಮರುದಿನವೇ ಅಂದಾನಯ್ಯ ಮೊದಲ ಬಸ್ಸಿಗೆ ಬಂದಿಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಹೊಸ ಟವಲು, ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಕವರಿನೊಳಗೆ ಆಧಾರ್ ಕಾರ್ಡಿನ ಜೆರಾಕ್ಸು, ಒಂದು ಫೋಟೋ. ವರ್ಷ ವರ್ಷ ಕಾರ್ಖಾನೆ ತನ್ನ ಷೇರುದಾರರಿಗೆ ಕಡಿಮೆ ರೇಟಿಗೆ ಕೊಡುವ ಸಕ್ಕರೆ ತರಲು ಹೋಗುವಾಗ ಅವರ ಸಿಂಗಾರ ಹೀಗೇ ಇರುತ್ತಿತ್ತು. ಪೂಜ ಆ ಸಕ್ಕರೆಯನ್ನೇ ಹಾಕಿ ಅಪ್ಪನಿಗೆ ಕಾಫಿ ಬೆರೆಸಿದಳು.

"ಇನ್ನು ಕಾಯಾದು ಬ್ಯಾಡ. ನಡೀರಿ ಅಳಿಯಂದ್ರೇ, ಮೈಸೂರಿನ ಶೋರೂಮಿಗೋಗಾನ."

"ಇವತ್ತಾ? ಇನ್ನೂ ಇಳಿ..."

"ಇಳ್ದದ್ದು ಸಾಕು. ಷೇರಿನ ಇಚಾರ ಇವತ್ತು ಇತ್ಯರ್ಥ ಆಗ್ಬುಡ್ಲಿ."

ಗೊತ್ತಾಗಿದೆ, ಎಲ್ಲ ಗೊತ್ತಾಗಿದೆ! ಶ್ರೀರಂಗಪಟ್ಟಣ ದಾಟಿ ಮೈಸೂರಿಗೆ ಹೋಗಿ, ಶೋರೂಮಿನ ಜನರೆದುರು ಮಾನ ಕಳೆದುಕೊಳ್ಳುವುದಕ್ಕಿಂತ ಮನೆಯಲ್ಲೇ ಕಳೆದುಕೊಳ್ಳುವುದು ವಾಸಿ ಎಂದು ಗಿರೀಶನಿಗೆ ಎನಿಸಿತು. ಬಗ್ಗಿ ಮಾವನ ಕಾಲು ಹಿಡಿದ.

"ತಪ್ಪಾಯ್ತು ಮಾವ. ನೀವು ಕಾರಿಗೆ ಅಂತ ಕೊಟ್ಟ ದುಡ್ಡನ್ನ ಆ ಕಂಪ್ನಿ ಷೇರಿಗೆ ಹಾಕ್ಬುಟ್ಟಿವ್ನಿ."

ಪೂಜ ಕಾಫಿ ಲೋಟವನ್ನು ಕುಕ್ಕಿದ ಸದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

"ಅಷ್ಟ್ನೂವೆ?" ಅಂದಾನಯ್ಯನವರ ದನಿ ನಡುಗಿತು.

"ಅಷ್ಟೂನೂ, ಮಾವ."

ಏಟು ಬೀಳುವುದನ್ನೇ ಕಾಯುತ್ತ ಗಿರೀಶ ಕಣ್ಣು ಮುಚ್ಚಿದ. ಬಿದ್ದದ್ದು ಏಟಲ್ಲ. ಅಂದಾನಯ್ಯ ಅವನನ್ನು ಎತ್ತಿ ನಿಲ್ಲಿಸಿ, ಗಟ್ಟಿಯಾಗಿ ತಬ್ಬಿಕೊಂಡರು. ಅವರ ಮುಖ ಸಂತೋಷದಿಂದ ಅರಳಿತ್ತು.

"ಅಯ್ಯೋ, ಮೊದ್ಲೇ ಏಳ್ಬಾರ್ದಾ ಅಳಿಯಂದ್ರೇ, ಎಮ್ಮೆ ಮಾರಿದ್ ದುಡ್ಡನ್ನೆಲ್ಲಾ ನಾನೂ ಅದ್ಕೇ ಆಕಿವ್ನಿ," ಎಂದು ಆಧಾರ್ ಜೆರಾಕ್ಸನ್ನು ಕವರಿನಿಂದ ತೆಗೆದರು, "ನಿಮ್ದೂ ಒಂದು ಕಾಪಿ ತಗೊಳಿ, ಷೇರುದಾರರ ರೇಟಲ್ಲಿ ಇಬ್ರಿಗೂ ಒಂದೊಂದು ಕಾರು ಕೊಟ್ಟೇ ಕೊಡ್ತಾರೆ, ಸಕ್ಕರೆ ಕೊಟ್ಟಂಗೆ!"