ಡೆನ್ಮಾರ್ಕಿನ ಬೋರು

“ಯಾರಮ್ಮ ಈ ಬೋರು ರಿಪೇರಿ ಮಾಡಿದ್ದು?”

ಜೀಪಿನಿಂದ ಇಳಿಯುತ್ತಲೇ ಜೂನಿಯರ್ ಇಂಜಿನಿಯರ್ ವೆಂಕಟಗಿರಿ ಕೇಳಿದರು. ಹೊಗಳುವುದಕ್ಕೇ ಬಂದಿದ್ದಾರೆಂದುಕೊಂಡ ನರಸಮ್ಮ ನೀರು ಒತ್ತುವುದನ್ನು ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು. “ನನ್ ಮಗ ಮರಿಯಪ್ಪ, ಸ್ವಾಮಿ. ರಾಜಾಜಿನಗರದಲ್ಲಿ ಲೇತ್ ಕೆಲ್ಸ. ನೆನ್ನೆ ಊಟದ ಬಿಡುವಲ್ಲಿ ತಾನೇ ಬೋಲ್ಟ್ ಮಾಡ್ಕೊಂಡ್ ಬಂದು ಹಾಕ್ದ.”

“ಕೆಲಸ ಕೆಡಿಸಿಟ್ಟ!” ವೆಂಕಟಗಿರಿ ಹಣೆ ಚಚ್ಚಿಕೊಂಡರು.

ಲಗ್ಗೆರೆಯ ಆ ಬೀದಿಗೆ ಕೈಪಂಪಿನ ಬೋರ್‌ವೆಲ್ ಕೊಟ್ಟದ್ದು ಡೆನ್ಮಾರ್ಕ್ ದೇಶ. ಎಂಬತ್ತೆರಡರಲ್ಲಿ ಹಾರ ಹಾಕಿಸಿಕೊಂಡು ಶುರುವಾದ ಅದು, ನಾಲ್ಕೇ ವರ್ಷಕ್ಕೆ ಹ್ಯಾಂಡಲ್ಲಿನ ಬೋಲ್ಟು ಮುರಿದುಕೊಂಡು ಕೂತಿತು. ಬೆರಳು ದಪ್ಪದ ಆ ಬೋಲ್ಟಿಗಾಗಿ ನರಸಮ್ಮ ನಾಲ್ಕು ತಿಂಗಳು ವೆಂಕಟಗಿರಿಯವರ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದಳು. ಅಷ್ಟೂ ದಿನ ಬಸುರಿ ಸೊಸೆ ಊರಾಚೆಯ ತೋಟದ ಬಾವಿಯಿಂದ ನೀರು ಹೊತ್ತಳು. ಅವಳಿಗೀಗ ಎಂಟು ತಿಂಗಳು. ಮೊನ್ನೆ ತಲೆ ಸುತ್ತಿ ಕೊಡದ ಸಮೇತ ದಾರಿಯಲ್ಲೇ ಬಿದ್ದಿದ್ದಳು.

“ಗುರುವಾರ ಡೆನ್ಮಾರ್ಕಿನವರು ಬರ್ತಾರಮ್ಮ. ಕೆಟ್ಟಿರೋ ಬೋರು ಕಣ್ಣಾರೆ ನೋಡಿದ್ರೆ ಹೊಸದು ಕೊಡ್ತಾರೆ. ನಿಮ್ಮದು ಕೆಟ್ಟಿದೆ ಅಂತ ಬರೆದು ಕೊಟ್ಟಾಗಿದೆ. ಅವರ ಮುಂದೆ ನೀರು ಬಂದ್ರೆ ನನ್ನ ಗತಿ?”

“ಇದ್ರಲ್ಲೇ ನೀರು ಬರ್ತಾ ಇದ್ಯಲ್ಲ, ಹೊಸದ್ಯಾಕೆ? ಒಂದು ಬೋಲ್ಟು ಕೊಡಿ ಅಂತ ಬಂದ್ರೆ ಕೊಡ್ಲಿಲ್ಲ ನೀವು.”

“ಅವರು ಬೋರು ಕೊಡ್ತಾರೆ, ಬೋಲ್ಟು ಕೊಡಲ್ಲ. ಬೋಲ್ಟು ನಾವು ಕೊಡ್ಬೇಕು.”

“ಮತ್ತೆ ಕೊಡ್ಬೇಕಿತ್ತು!”

“ಮಂಜೂರಾತಿ ಬರಬೇಡ್ವೇನಮ್ಮ?”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನರಸಮ್ಮನ ನಾಲಿಗೆ ತುದಿಗೆ ಬಂದಿತ್ತು. ಸೊಸೆಯ ಮುಖ ನೆನೆದು ನುಂಗಿಕೊಂಡಳು. “ಗುರುವಾರಕ್ಕೆ ಇನ್ನೂ ಐದು ದಿನ ಐತೆ ಸ್ವಾಮಿ. ಆ ಹುಡುಗಿ ಇನ್ನೊಂದ್ಸಲ ಬಿದ್ರೆ ತಡ್ಕೊಳಲ್ಲ. ಬುಧವಾರ ಸಾಯಂಕಾಲ ನಾವೇ ಬಿಚ್ಚಿಡ್ತೀವಿ, ನಿಮ್ಮ ದಮ್ಮಯ್ಯ.”

“ಅವರು ಮುಂಚೇನೇ ಬಂದ್ಬಿಟ್ರೆ? ನೋಡಮ್ಮ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.”

ಸ್ಪ್ಯಾನರ್ ಹಿಡಿಯುವುದು ತನ್ನ ಕೆಲಸವಲ್ಲವೆಂದು ಡ್ರೈವರ್ ಬೀಡಿ ಹಚ್ಚಿದ. ವೆಂಕಟಗಿರಿ ತಾವೇ ತೋಳು ಮಡಚಿ ಪಂಪಿಗೆ ಕೈಹಾಕಿದರು. ಮರಿಯಪ್ಪ ಬೋಲ್ಟನ್ನು ಬಿಗಿಯಾಗಿಯೇ ಕೂರಿಸಿದ್ದ. ಗ್ರೀಸನ್ನೂ ಧಾರಾಳವಾಗಿ ಬಳಿದಿದ್ದ. ಕಾಲು ಗಂಟೆ ತಿಣುಕಿದ ಮೇಲೆ ಬೋಲ್ಟು ಸಡಿಲಿ ಹ್ಯಾಂಡಲ್ಲು ಜೋತುಬಿತ್ತು. ನಾಲ್ಕು ತಿಂಗಳು ಕೊಡಲಾಗದ ಬೋಲ್ಟನ್ನು ಕಾಲು ಗಂಟೆಯಲ್ಲಿ ಕಿತ್ತುಕೊಂಡರಲ್ಲ ಎಂದುಕೊಂಡಳು ನರಸಮ್ಮ.

ವೆಂಕಟಗಿರಿ ಬೋಲ್ಟನ್ನು ಕರ್ಚೀಫಿನಲ್ಲಿ ಸುತ್ತಿ ಜೀಪಿನೊಳಗಿಟ್ಟರು. ಮೊಣಕೈವರೆಗೂ ಕಪ್ಪಗೆ ಮೆತ್ತಿದ್ದ ಗ್ರೀಸು ಇಸ್ತ್ರಿ ಅಂಗಿಗೆ ತಗುಲದಂತೆ ಎರಡೂ ಕೈಗಳನ್ನು ದೂರ ಚಾಚಿಕೊಂಡು ನಿಂತರು.

“ಒಂದು ಚೊಂಬು ನೀರು ಕೊಡಮ್ಮ, ಕೈ ತೊಳ್ಕೋಬೇಕು.”

ನರಸಮ್ಮ ಅರ್ಧವೇ ತುಂಬಿದ್ದ ಕೊಡವನ್ನೆತ್ತಿ ಸೊಂಟಕ್ಕಿಟ್ಟುಕೊಂಡಳು.

“ಡೆನ್ಮಾರ್ಕಿನೋರು ಬಂದು ನೋಡ್ಕೊಂಡ್ ಹೋಗ್ಲಿ ಸ್ವಾಮಿ. ಆಮೇಲೆ ತೊಳ್ಕೊಳ್ಳೋರಂತೆ.”